ಹೇಳಿಕೊಟ್ಟವನ ಪಾಡು

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಓದಿಕೊಂಡೇ ಬೆಳೆದವರು ನಾವು. ದುಡ್ಡು ಕೊಟ್ಟರೆ ಕೊಟ್ಟವನ ಜೇಬು ಹಗುರಾಗುತ್ತದೆ. ಲೆಕ್ಕ ಹೇಳಿಕೊಟ್ಟರೆ ಹೇಳಿಕೊಟ್ಟವನಿಗೆ ಲೆಕ್ಕವೇನೂ ಮರೆತುಹೋಗುವುದಿಲ್ಲ. ಮಾತು ಸರಿಯಾಗಿಯೇ ಇದೆ. ಆದರೆ ಅದು ವಿದ್ಯೆಯ ಕತೆಯನ್ನಷ್ಟೇ ಹೇಳುತ್ತದೆ, ಕೊಟ್ಟವನ ಕತೆಯನ್ನು ಹೇಳುವುದಿಲ್ಲ. ವಿದ್ಯೆ ಒಂದಿಷ್ಟೂ ಕಡಿಮೆಯಾಗದೆ, ಅದನ್ನು ಕೊಟ್ಟ ಮನುಷ್ಯ ಮಾತ್ರ ಕಡಿಮೆಯಾಗಿಬಿಡುವ ಸಂದರ್ಭಗಳಿಲ್ಲವೇ?

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ, ಯಾರೂ ಅದನ್ನು ಬಾಯಿಬಿಟ್ಟು ಕೇಳದಿದ್ದರೂ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿಗೆ ಬಂದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ಅಮೆರಿಕಕ್ಕೆ ಜೋಡಿಸಿತು. ಒಂದೇ ಕೆಲಸವನ್ನು ಎರಡು ಖಂಡಗಳಲ್ಲಿ ಕೂತು ಮಾಡುವುದು ಆಮೇಲೆ ಈ ಊರಿನ ದಿನಚರಿಯೇ ಆಗಿಹೋಯಿತು. ಇವತ್ತು ಬೆಳ್ಳಂದೂರಿನಲ್ಲಿ ಕೂತ ಹುಡುಗಿ, ಪೋಲೆಂಡಿನ ಕ್ರಾಕೋವ್‌ನಲ್ಲಿ ಕೂತ ಹುಡುಗ, ಕ್ಯಾಲಿಫೋರ್ನಿಯಾದಲ್ಲಿ ಕೂತ ಮ್ಯಾನೇಜರ್ ಮೂವರೂ ಒಂದೇ ತಂಡ. ಮೂವರೂ ಒಟ್ಟಿಗೆ ಒಂದು ಲೋಟ ಟೀ ಕುಡಿದವರಲ್ಲ. ಅವರ ನಡುವೆ ಇರುವುದು ಸ್ಲ್ಯಾಕ್, ಟೀಮ್ಸ್, ವಿಕಿ ಎಂಬ ಹೆಸರುಗಳ ತಂತ್ರಾಂಶಗಳು. ಯಾರಿಗೆ ಏನು ಗೊತ್ತೋ ಅದನ್ನು ಅಲ್ಲಿ ಬರೆದಿಡಬೇಕು, ಬೇಕಾದವರು ಹುಡುಕಿಕೊಳ್ಳಬೇಕು ಎಂಬುದು ಏರ್ಪಾಡು.

ಸ್ಲ್ಯಾಕ್ ಎಂಬ ಹೆಸರಿಗೆ ಒಂದು ವಿಸ್ತರಣೆ ಇದೆ: ಸರ್ಚಬಲ್ ಲಾಗ್ ಆಫ್ ಆಲ್ ಕಾನ್ವರ್ಸೇಶನ್ ಅಂಡ್ ನಾಲೆಡ್ಜ್. ಅಂದರೆ ಎಲ್ಲ ಮಾತುಕತೆಯ, ಎಲ್ಲ ಜ್ಞಾನದ, ಹುಡುಕಲು ಬರುವ ದಾಖಲೆ. ಬೇರೆ ಬೇರೆ ಊರುಗಳಲ್ಲಿದ್ದುಕೊಂಡು 'ಗ್ಲಿಚ್' ಎಂಬ ಆನ್‌ಲೈನ್ ಆಟ ಕಟ್ಟುತ್ತಿದ್ದ ಸಣ್ಣ ತಂಡವೊಂದು ತನ್ನ ಒಳಬಳಕೆಗೆಂದು ಮಾಡಿಕೊಂಡಿದ್ದ ಸಾಧನ ಅದು. ಆಟ ನಿಂತುಹೋಯಿತು, ಸಾಧನ 2013ರಲ್ಲಿ ಲೋಕಕ್ಕೆ ಬಂತು. 'ಎಲ್ಲ ಜ್ಞಾನ' ಎಂಬ ಆ ಎರಡು ಪದಗಳ ಮೇಲೆ ನನಗೆ ಕಣ್ಣು. (ಸ್ಲ್ಯಾಕ್ ಎಂದರೆ ಇಂಗ್ಲಿಷಿನಲ್ಲಿ ಸಡಿಲ, ಸೋಮಾರಿತನ ಎಂದೂ ಅರ್ಥ. ಹೆಸರಿಟ್ಟವರಿಗೆ ತಮಾಷೆಯ ಮನಸ್ಸೂ ಇದ್ದಿರಬೇಕು.)

ಎಲ್ಲ ಜ್ಞಾನವನ್ನೂ ಬರೆದಿಡಬಹುದೇ? ಆಗದು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ಒಂದು ಲೇಸರ್ ಯಂತ್ರದ್ದು. ಕೆನಡಾದ ರಕ್ಷಣಾ ಪ್ರಯೋಗಾಲಯವೊಂದು 1970ರಲ್ಲಿ ಟಿಇಎ ಲೇಸರ್ ಎಂಬ ಹೊಸ ಬಗೆಯ ಲೇಸರನ್ನು ಲೋಕಕ್ಕೆ ತಿಳಿಸಿತು. ಅದರ ವಿವರಗಳು ಪ್ರಕಟವಾದವು, ಬೇರೆ ಪ್ರಯೋಗಾಲಯಗಳೂ ಕಟ್ಟಲು ಹೊರಟವು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ ಈ ಪ್ರಯೋಗಾಲಯಗಳನ್ನು ಸುತ್ತಿ 1974ರಲ್ಲಿ ಒಂದು ಪ್ರಬಂಧ ಬರೆದರು. ಅವರು ಕಂಡದ್ದಿಷ್ಟು: ಬರೀ ಅಚ್ಚಾದ ಬರಹವನ್ನು ನೆಚ್ಚಿಕೊಂಡು ಲೇಸರ್ ಕಟ್ಟಿ ಗೆದ್ದವರು ಒಬ್ಬರೂ ಇರಲಿಲ್ಲ. ಗೆದ್ದವರೆಲ್ಲ ಈಗಾಗಲೇ ಕಟ್ಟಿದವರ ಜೊತೆ ಓಡಾಟ, ಮಾತುಕತೆ ಇಟ್ಟುಕೊಂಡವರೇ. ಒಂದು ವಿದ್ಯುತ್ ತಂತಿ ತೀರಾ ಗಿಡ್ಡವಿರಬೇಕಿತ್ತು. ಸರ್ಕ್ಯೂಟಿನ ನಕ್ಷೆಯಲ್ಲಿ ತಂತಿ ಎಂದರೆ ಒಂದು ಗೆರೆ; ಗೆರೆಗೆ ಉದ್ದದ ಲೆಕ್ಕವಿಲ್ಲ. ಕಟ್ಟಿ ಗೆದ್ದವರಿಗೂ ತಮ್ಮ ಯಂತ್ರದ ತಂತಿ ಗಿಡ್ಡವಿದ್ದದ್ದೇ ಮುಖ್ಯ ಸಂಗತಿ ಎಂದು ಹೊಳೆದಿರಲಿಲ್ಲ. ಹೊಳೆಯದ್ದನ್ನು ಬರೆಯುವುದು ಹೇಗೆ?

ಕಾಲಿನ್ಸ್ ಇನ್ನೂ ಒಂದು ಸಂಗತಿ ಗಮನಿಸಿದರು. ನೋಡಲು ಬಂದವರ ಪ್ರಶ್ನೆಗಳಿಗೆ ಕೆಲವು ವಿಜ್ಞಾನಿಗಳು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದರು. ಏನನ್ನು ಕೇಳಬೇಕು ಎಂದು ಗೊತ್ತಿಲ್ಲದವನು ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಡುತ್ತಿದ್ದ. ಹೀಗೆ ಹೇಳದೆ ಉಳಿದ ಮಾತಿನಲ್ಲಿ ಎರಡು ಜಾತಿ. ಒಂದು, ಹೇಳಲು ಬಾರದ್ದು. ಇನ್ನೊಂದು, ಹೇಳಲು ಮನಸ್ಸಿಲ್ಲದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವಿಕಿಯ ಖಾಲಿ ಪುಟ ಖಾಲಿ ಪುಟವೇ. ಅದು ಯಾಕೆ ಖಾಲಿ ಎಂದು ಪುಟ ಹೇಳುವುದಿಲ್ಲ.

ದೂರ ಬಂದು ಸೇರಿಕೊಂಡರೆ ಈ ಗೊಂದಲ ಇನ್ನೊಂದು ಮಡಿಕೆ ಹೆಚ್ಚುತ್ತದೆ. ಅಮೆರಿಕದ ಸಂಶೋಧಕಿ ಕ್ಯಾಥರಿನ್ ಕ್ರ್ಯಾಮ್ಟನ್ ಮೂರು ಖಂಡಗಳ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿದ್ದ 13 ತಂಡಗಳ ಪತ್ರವ್ಯವಹಾರವನ್ನು ಅಭ್ಯಾಸ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇವತ್ತಿಗೂ ಓದುವಂಥದ್ದು. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೌನದ ಬಗೆಗಿನ ಭಾಗ. ಒಬ್ಬ ಉತ್ತರಿಸಲಿಲ್ಲ. ಒಪ್ಪಿಗೆಯೇ? ಸಿಟ್ಟೇ? ಊರಲ್ಲಿ ಇಲ್ಲವೇ? ಓದಿಯೇ ಇಲ್ಲವೇ? ಪ್ರಶ್ನೆ ತನಗೆ ಕೇಳಿದ್ದೆಂದು ತಿಳಿಯಲಿಲ್ಲವೇ? ಒಂದೇ ಕೋಣೆಯಲ್ಲಿದ್ದರೆ ಮುಖ ನೋಡಿದರೆ ಸಾಕಿತ್ತು. ದೂರದಲ್ಲಿದ್ದವರು ಊಹಿಸಬೇಕು. ಊಹಿಸುವಾಗ ಮನುಷ್ಯ ಸ್ವಭಾವ ಎಲ್ಲ ಕಡೆಯೂ ಒಂದೇ ದಿಕ್ಕಿಗೆ ವಾಲುತ್ತದೆ: 'ಅಲ್ಲಿ ಏನೋ ಅಡಚಣೆ ಇರಬೇಕು' ಎನ್ನುವುದಿಲ್ಲ, 'ಅವನೇ ಸರಿಯಿಲ್ಲ' ಎನ್ನುತ್ತದೆ. ಕರೆಂಟು ಹೋದದ್ದು, ಮಗುವಿಗೆ ಜ್ವರ ಬಂದದ್ದು, ಪರೀಕ್ಷೆ ಇದ್ದದ್ದು ದೂರದವರಿಗೆ ಕಾಣುವುದಿಲ್ಲ. ಕಾಣುವುದು ಉತ್ತರ ಬಾರದ ಸಂದೇಶ ಮಾತ್ರ.

ಇದು ಎರಡೂ ಕಡೆಗೆ ಸಮಾನವಾದ ಕಷ್ಟ ಎಂದು ಪುಸ್ತಕಗಳು ಹೇಳುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ತಂಡಗಳ ಜೊತೆ ಕೆಲಸ ಮಾಡುವ ಯಾರನ್ನಾದರೂ ಕೇಳಿ ನೋಡಿ. ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ ಎಂಬುದು ಬಾಯಿಪಾಠ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸಿಕೊಂಡ ಮೇಲೆ ಹದಿಮೂರೂವರೆ ಗಂಟೆ ಹಿಂದೆ ಎಂಬುದೂ ಬಾಯಿಪಾಠ. ಆ ಕಡೆ ಕೂತವರಲ್ಲಿ ಯುಗಾದಿ ಯಾವ ತಿಂಗಳಲ್ಲಿ ಬರುತ್ತದೆಂದು ಬಲ್ಲವರು ಎಷ್ಟು ಜನ? ಅವರು ಕೆಟ್ಟವರೆಂದಲ್ಲ, ಗೊತ್ತಿಲ್ಲದಿದ್ದರೆ ಅವರಿಗೆ ನಷ್ಟವಿಲ್ಲ, ಅಷ್ಟೇ. ಯಜಮಾನನ ಮನೆಯ ಹಬ್ಬಹರಿದಿನ ಕೆಲಸದವರಿಗೆಲ್ಲ ಗೊತ್ತಿರುತ್ತದೆ. ಕೆಲಸದವರ ಮನೆಯ ಹಬ್ಬ ಯಜಮಾನನಿಗೆ ಗೊತ್ತಾಗುವುದು ಅವರು ರಜೆ ಕೇಳಿದಾಗ. ಪರಸ್ಪರರ ಪರಿಸ್ಥಿತಿಯ ಅರಿವು ಎಂಬ ಜ್ಞಾನ ಹರಿಯುವುದೂ ಹೀಗೆ ಒಂದೇ ಕಡೆಗೆ. ಯಾವ ತಂತ್ರಾಂಶವೂ ಅದರ ದಿಕ್ಕು ಬದಲಿಸಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ ಕೇಳುವುದರಲ್ಲೂ ಇದೇ ಓರೆ. ಇನ್ನೂರು ಜನರಿರುವ ಚಾನಲ್ಲಿನಲ್ಲಿ ಒಂದು ಪ್ರಶ್ನೆ ಹಾಕಬೇಕು ಎಂದುಕೊಳ್ಳಿ. ಹೊಸದಾಗಿ ಸೇರಿದ ಹಾಸನದ ಹುಡುಗಿಯೊಬ್ಬಳು ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಾಳೆ, ವ್ಯಾಕರಣ ನೋಡುತ್ತಾಳೆ, ಅಳಿಸುತ್ತಾಳೆ. ಆಮೇಲೆ ಪಕ್ಕದ ಸಾಲಿನವನಿಗೆ ಖಾಸಗಿಯಾಗಿ ಕನ್ನಡದಲ್ಲಿ ಕಳಿಸುತ್ತಾಳೆ: 'ಇದೇನು ಅಂತ ನಿಂಗೇನಾದ್ರೂ ಗೊತ್ತಾಯ್ತಾ?' ಅವನು ಎರಡು ಸಾಲಲ್ಲಿ ಹೇಳುತ್ತಾನೆ. ಕೆಲಸ ಆಯಿತು. ಆದರೆ ಆ ಎರಡು ಸಾಲು ಕ್ರಾಕೋವ್‌ಗೆ ಮುಟ್ಟಲಿಲ್ಲ. ಇನ್ನಾರು ತಿಂಗಳ ಮೇಲೆ ಬರುವವನಿಗೂ ಸಿಗುವುದಿಲ್ಲ. ಆಡಳಿತದವರ ಕಣ್ಣಿಗೆ ಇದು ಜ್ಞಾನವನ್ನು ಮುಚ್ಚಿಡುವ ಕೆಟ್ಟ ಚಾಳಿ. ಎಲ್ಲವನ್ನೂ ಎಲ್ಲರೆದುರು ಕೇಳಿ ಎಂದು ಮತ್ತೆ ಮತ್ತೆ ಹೇಳಿಕೆ ಬರುತ್ತದೆ.

ಆ ಹೇಳಿಕೆ ಕೊಡುವವರು ಒಂದನ್ನು ಮರೆಯುತ್ತಾರೆ. ಹಿರಿಯ ಹುದ್ದೆಯಲ್ಲಿರುವವನು 'ನನಗಿದು ಅರ್ಥವಾಗುತ್ತಿಲ್ಲ, ಯಾರಾದರೂ ಹೇಳಿ' ಎಂದು ಬರೆದರೆ ಅದು ವಿನಯ ಅನ್ನಿಸಿಕೊಳ್ಳುತ್ತದೆ. ಅದೇ ಸಾಲನ್ನು ಹಾಸನದ ಹುಡುಗಿ ಬರೆದರೆ ಮೂಲಪಾಠವೇ ಬರುವುದಿಲ್ಲ ಅನ್ನಿಸಿಕೊಳ್ಳುತ್ತದೆ. ಬರೆದದ್ದು ಅಳಿಸುವುದಿಲ್ಲ, ಹುಡುಕಿದರೆ ಸಿಗುತ್ತದೆ, ವರ್ಷದ ಕೊನೆಯ ಮೌಲ್ಯಮಾಪನದ ಹೊತ್ತಿಗೂ ಸಿಗುತ್ತದೆ. ಅಜ್ಞಾನವನ್ನು ಒಪ್ಪಿಕೊಳ್ಳುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಅಂದ ಮೇಲೆ ಆ ಬೆಲೆಯನ್ನು ಮೊದಲು ತೆರಬೇಕಾದವರು ಅದು ಅಗ್ಗವಾಗಿ ಬೀಳುವವರು. ದೊಡ್ಡವರು ಎಲ್ಲರೆದುರು ದಡ್ಡ ಪ್ರಶ್ನೆ ಕೇಳದ ತಂಡದಲ್ಲಿ ಚಿಕ್ಕವರು ಕೇಳಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಇದನ್ನು ಸಂಕೋಚ ಸ್ವಭಾವ, ಭಾರತೀಯರ ಸಂಸ್ಕೃತಿ ಎಂದೆಲ್ಲ ಕರೆದು ತರಬೇತಿ ಶಿಬಿರ ನಡೆಸುತ್ತಾರೆ. ಸಂಸ್ಕೃತಿಯಲ್ಲ ಅದು, ಲೆಕ್ಕಾಚಾರ. ಅದೂ ಬಹಳ ಸರಿಯಾದ ಲೆಕ್ಕಾಚಾರ.

ಹಾಗಾದರೆ ಜನ ಹಂಚಿಕೊಳ್ಳುವುದೇ ಇಲ್ಲವೇ? ಧಾರಾಳವಾಗಿ ಹಂಚಿಕೊಳ್ಳುತ್ತಾರೆ. ಕಚೇರಿಯ ಕೆಳಗಿನ ಟೀ ಅಂಗಡಿಯಲ್ಲಿ ನಿಂತು ಕಿವಿಗೊಟ್ಟರೆ ತಿಳಿಯುತ್ತದೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ಹಿಂದೆ ತಿರುಗಿ ಕಂಡದ್ದೂ ಇದನ್ನೇ. ಅವರ ಪುಸ್ತಕ 1996ರಲ್ಲಿ ಬಂತು. ಕಂಪನಿ ಕೊಟ್ಟ ದಪ್ಪ ಕೈಪಿಡಿಯಲ್ಲಿ ಎಲ್ಲ ದೋಷಕ್ಕೂ ಮದ್ದು ಬರೆದಿತ್ತು. ನಿಜವಾದ ಯಂತ್ರಗಳು ಮಾತ್ರ ಕೈಪಿಡಿ ಓದಿಕೊಂಡು ಕೆಡುತ್ತಿರಲಿಲ್ಲ. ತಂತ್ರಜ್ಞರು ಬೆಳಿಗ್ಗೆ ತಿಂಡಿಗೆ, ಮಧ್ಯಾಹ್ನ ಊಟಕ್ಕೆ ಸೇರಿ 'ಆ ಕಚೇರಿಯ ಮೆಷಿನ್ನು ಏನು ಮಾಡಿತು ಗೊತ್ತಾ' ಎಂಬಂಥ ಕತೆಗಳನ್ನು ಹೇಳಿಕೊಳ್ಳುತ್ತಿದ್ದರು. ಹೊರಗಿನವರಿಗೆ ಅದು ಹರಟೆ. ಕೇಳುವವನಿಗೆ ಅದು ನಾಳೆಯ ರಿಪೇರಿ.

ಈ ಹರಟೆಯ ಬೆಲೆ ತಿಳಿದ ಮೇಲೆ ಜೆರಾಕ್ಸ್‌ನ ಸಂಶೋಧಕರು 'ಯುರೇಕಾ' ಎಂಬ ವ್ಯವಸ್ಥೆ ಕಟ್ಟಿದರು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯವನ್ನು ಅದರಲ್ಲಿ ಬರೆಯಬೇಕು, ಅನುಭವಿ ತಂತ್ರಜ್ಞರು ಪರೀಕ್ಷಿಸಬೇಕು, ಸರಿಯಾಗಿದ್ದರೆ ಬರೆದವನ ಹೆಸರಿನೊಂದಿಗೆ ಎಲ್ಲರಿಗೂ ಸಿಗಬೇಕು. ಬರೆದವರಿಗೆ ದುಡ್ಡು ಕೊಡೋಣ ಎಂಬ ಮಾತು ಬಂದಾಗ ತಂತ್ರಜ್ಞರೇ ಒಪ್ಪಲಿಲ್ಲ. ದುಡ್ಡು ಬಂದರೆ ಜನ ಎಣಿಕೆಗಾಗಿ ಬರೆಯುತ್ತಾರೆ, ಗುಣ ಹೋಗುತ್ತದೆ ಎಂಬುದು ಅವರ ಅಂಜಿಕೆ. ಅವರಿಗೆ ಬೇಕಿದ್ದದ್ದು ಹೆಸರು. ಆ ಹೆಸರಿಗೆ ತೂಕ ಬಂದದ್ದು ಓದುವವರೂ ಅದೇ ಯಂತ್ರದ ಮುಂದೆ ಮಂಡಿಯೂರಿ, ಕೈಗೆ ಶಾಯಿ ಮೆತ್ತಿಸಿಕೊಂಡವರಾಗಿದ್ದರಿಂದ.

ಇಲ್ಲೇ ನನ್ನ ಮಾತಿನ ಗಂಟಿರುವುದು. ಟೀ ಅಂಗಡಿಯಲ್ಲಿ ಹೇಳುವವನಿಗೆ ತಾನು ಯಾರಿಗೆ ಹೇಳುತ್ತಿದ್ದೇನೆಂದು ಗೊತ್ತು. ಯುರೇಕಾದಲ್ಲಿ ಬರೆದವನಿಗೂ ಬಹುಮಟ್ಟಿಗೆ ಗೊತ್ತಿತ್ತು. ಸ್ಲ್ಯಾಕಿನ ಚಾನಲ್ಲಿನಲ್ಲಿ ಬರೆಯುವವನು ಒಂದೇ ಸಾಲನ್ನು ಇಬ್ಬರಿಗೆ ಕೊಡುತ್ತಿದ್ದಾನೆ: ತನ್ನಂಥದೇ ಪೇಚಿಗೆ ಸಿಕ್ಕಿದ ಜೊತೆಗಾರನಿಗೆ ಮತ್ತು ಕಂಪನಿಗೆ. ಈ ಇಬ್ಬರ ಋಣ ಬೇರೆ ಬೇರೆ. ಜೊತೆಗಾರ ನಾಳೆ ನನಗೂ ಹೇಳಿಕೊಡುತ್ತಾನೆ, ನನ್ನ ಹೆಸರು ನೆನೆಯುತ್ತಾನೆ. ಕಂಪನಿ ನಾನು ಹೇಳಿದ್ದನ್ನು ಇಟ್ಟುಕೊಂಡು ನನ್ನನ್ನು ಬಿಡಬಹುದು. ತಂತ್ರಾಂಶಕ್ಕೆ ಈ ವ್ಯತ್ಯಾಸ ತಿಳಿಯದು. ಅದು ಇಬ್ಬರನ್ನೂ ಒಂದೇ ಪೆಟ್ಟಿಗೆಗೆ ಹಾಕುತ್ತದೆ. ಈಗಂತೂ ಆ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಓದಿಕೊಂಡು ತಾನೇ ಉತ್ತರ ಹೇಳುವ ಯಂತ್ರವೂ ಬಂದು ಕೂತಿದೆ. ಅದು ಹೇಳುವ ಉತ್ತರದಲ್ಲಿ ಮೊದಲು ಬರೆದವನ ಹೆಸರು ಉಳಿದಿರಬೇಕೆಂಬ ನಿಯಮವೇನೂ ಇಲ್ಲ.

ಬೆಂಗಳೂರಿನಲ್ಲಿ ಇದಕ್ಕೆಲ್ಲ ಒಂದೇ ಹೆಸರು: ಕೆ.ಟಿ. ನಾಲೆಡ್ಜ್ ಟ್ರಾನ್ಸ್‌ಫರ್ ಎಂಬುದರ ಮೊಟಕು. 'ಕೆ.ಟಿ. ಕೊಡ್ತಾ ಇದೀನಿ', 'ಕೆ.ಟಿ. ಮುಗೀತಾ?' ಎನ್ನುತ್ತಾರೆ, ಬಾಡಿಗೆ ಮನೆಯ ಬೀಗದ ಕೈ ಕೊಟ್ಟಷ್ಟು ಸಲೀಸಾಗಿ. ಕೆಲಸ ಬಿಡುವವನು, ಅಥವಾ ಬಿಡಿಸಲ್ಪಡುವವನು, ನೋಟಿಸ್ ಅವಧಿಯಲ್ಲಿ ತನಗೆ ಗೊತ್ತಿರುವುದನ್ನೆಲ್ಲ ಇನ್ನೊಬ್ಬನಿಗೆ ಹೇಳಬೇಕು. ವಿಡಿಯೊ ಕರೆಯಲ್ಲಿ ಹೇಳಿದ್ದು ರೆಕಾರ್ಡ್ ಆಗುತ್ತದೆ. ತಾನು ಏಳೆಂಟು ವರ್ಷ ಒದ್ದಾಡಿ ಕಲಿತದ್ದು ಆರು ವಿಡಿಯೊಗಳಾಗಿ ಒಂದು ಫೋಲ್ಡರಿನಲ್ಲಿ ಮಲಗುತ್ತದೆ.

ಈ ಕೊಡುಕೊಳ್ಳುವಿಕೆಯ ಕಹಿ ನಮ್ಮ ಜನರಿಗೆ ಎರಡೂ ಬದಿಯಿಂದ ಪರಿಚಯ. ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಡಿಸ್ನಿ ಕಂಪನಿ ಸುಮಾರು 250 ತಂತ್ರಜ್ಞಾನ ನೌಕರರನ್ನು ತೆಗೆದ ವಿಷಯವನ್ನು 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅವರಲ್ಲಿ ಹಲವರು ಕೊನೆಯ ದಿನಗಳಲ್ಲಿ ಮಾಡಬೇಕಾಗಿ ಬಂದ ಕೆಲಸವೆಂದರೆ, ಹೊರಗುತ್ತಿಗೆ ಕಂಪನಿಯ ಮೂಲಕ ತಾತ್ಕಾಲಿಕ ವೀಸಾದ ಮೇಲೆ ಭಾರತದಿಂದ ಬಂದವರಿಗೆ ತಮ್ಮ ಕೆಲಸ ಕಲಿಸುವುದು. ಆ ಮೇಜಿನ ಈ ಬದಿಯಲ್ಲಿ ಕೂತಿದ್ದ ಹುಡುಗರ ಸ್ಥಿತಿಯನ್ನೂ ಯೋಚಿಸಿ ನೋಡಿ. ಎದುರಿಗಿರುವವನು ತನಗಿಂತ ಹಿರಿಯ, ಗುರುವಿನ ಜಾಗದಲ್ಲಿರುವವನು. ತಾನು ಕಲಿತಷ್ಟೂ ಅವನ ಮನೆಗೆ ಹೊಡೆತ. ಇವತ್ತು ಅದೇ ಮೇಜಿನ ಆ ಬದಿಗೆ ಬೆಂಗಳೂರಿನವರೂ ಬಂದು ಕೂತಿದ್ದಾರೆ, ಇನ್ನೂ ಅಗ್ಗದ ಊರಿನವರಿಗೋ ಯಂತ್ರಕ್ಕೋ ಹೇಳಿಕೊಡುತ್ತ.

ಮಹಾಭಾರತದ ಆದಿಪರ್ವದಲ್ಲಿ ಬರುವ ಕಚನ ಕತೆಯನ್ನು ನಾವು ದೇವಯಾನಿಯ ಪ್ರೇಮದ ಕತೆಯಾಗಿ ಓದುತ್ತೇವೆ. ಅದು ಕೆ.ಟಿ.ಯ ಕತೆಯೂ ಹೌದು. ಸತ್ತವರನ್ನು ಎಬ್ಬಿಸುವ ಸಂಜೀವಿನಿ ವಿದ್ಯೆ ಅಸುರರ ಗುರು ಶುಕ್ರಾಚಾರ್ಯರ ಬಳಿ ಮಾತ್ರ ಇತ್ತು. ಅದನ್ನು ಕಲಿತು ಬರಲೆಂದು ದೇವತೆಗಳು ಬೃಹಸ್ಪತಿಯ ಮಗ ಕಚನನ್ನು ಶಿಷ್ಯನಾಗಿ ಕಳಿಸಿದರು. ಅಸುರರಿಗೆ ಉದ್ದೇಶ ತಿಳಿಯಿತು. ಮತ್ತೆ ಮತ್ತೆ ಕೊಂದರು. ದೇವಯಾನಿ ಅತ್ತಾಗಲೆಲ್ಲ ಗುರು ಬದುಕಿಸಿದರು. ಕೊನೆಗೆ ಅವನನ್ನು ಸುಟ್ಟು ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುವಿಗೇ ಕುಡಿಸಿದರು. ಈಗ ಕಚ ಶುಕ್ರಾಚಾರ್ಯರ ಹೊಟ್ಟೆಯಲ್ಲಿ. ಎಬ್ಬಿಸಿದರೆ ಅವನು ಹೊಟ್ಟೆ ಸೀಳಿಕೊಂಡು ಬರಬೇಕು, ಗುರು ಸಾಯಬೇಕು. ಒಂದೇ ದಾರಿ: ಒಳಗಿರುವವನಿಗೆ ವಿದ್ಯೆ ಹೇಳಿಕೊಡುವುದು. ಹೊರಗೆ ಬಂದ ಮೇಲೆ ಅವನು ತನ್ನನ್ನು ಬದುಕಿಸುತ್ತಾನೆಂದು ನಂಬುವುದು.

ಶುಕ್ರಾಚಾರ್ಯರು ನಂಬಿದರು. ಕಚ ಹೊರಬಂದು, ಬಿದ್ದಿದ್ದ ಗುರುವನ್ನು ಎಬ್ಬಿಸಿದ. ಮೋಸ ಮಾಡಬಹುದಿತ್ತು, ಅವನು ಬಂದ ಕೆಲಸ ಆಗಲೇ ಮುಗಿದಿತ್ತು. ನಮ್ಮ ಕೆ.ಟಿ.ಯಲ್ಲಿ ಇಲ್ಲದಿರುವುದು ಈ ಕೊನೆಯ ಭಾಗ. ಕಲಿತವನು ಎಷ್ಟೇ ಒಳ್ಳೆಯವನಾದರೂ ಗುರುವನ್ನು ಎಬ್ಬಿಸುವ ಮಂತ್ರ ಅವನ ಕೈಯಲ್ಲಿಲ್ಲ. ಅದಿರುವುದು ಇಬ್ಬರನ್ನೂ ಕೆಲಸಕ್ಕಿಟ್ಟುಕೊಂಡವರ ಕೈಯಲ್ಲಿ, ಅವರು ಆ ಕೋಣೆಯಲ್ಲೇ ಇರುವುದಿಲ್ಲ.

ಹಾಗಿದ್ದರೆ ಬಚ್ಚಿಡುವುದು ಸರಿಯೇ? ಕೆಲವರು ಬಚ್ಚಿಡುತ್ತಾರೆ. ಮುಖ್ಯವಾದ ಒಂದು ಸಂಗತಿಯನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಶ್ರದ್ಧೆಯಿಂದ ಬರೆಯುತ್ತಾರೆ. ಕಾಲಿನ್ಸ್ ಕಂಡ ವಿಜ್ಞಾನಿಗಳಂತೆ, ಕೇಳಿದರಷ್ಟೇ ಹೇಳುತ್ತಾರೆ. ಅವರನ್ನು ಸ್ವಾರ್ಥಿಗಳೆಂದು ಜರೆಯಲು ನನಗೆ ಬಾಯಿ ಬರುವುದಿಲ್ಲ. ಕುಶಲಕರ್ಮಿಗಳು ತಮ್ಮ ಕೈಚಳಕದ ಕೊನೆಯ ಗುಟ್ಟನ್ನು ಮಕ್ಕಳಿಗಲ್ಲದೆ ಹೇಳದಿದ್ದದ್ದು ಹೊಟ್ಟೆಕಿಚ್ಚಿನಿಂದಲ್ಲ, ಹೊಟ್ಟೆಪಾಡಿನಿಂದ. ಆದರೂ ಬಚ್ಚಿಟ್ಟದ್ದರ ಪೆಟ್ಟು ಬೀಳುವುದು ಯಾರ ಮೇಲೆ ಎಂದು ನೋಡಿದಾಗ ಮನಸ್ಸು ಒಪ್ಪುವುದಿಲ್ಲ. ಆಡಳಿತದವರ ಮೇಲೆ ಅದು ಬೀಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಫೋನು ಹೊಡೆದುಕೊಳ್ಳುವುದು ಆನ್-ಕಾಲ್ ಪಾಳಿಯಲ್ಲಿರುವ ಹುಡುಗನದ್ದು. ಆ ಒಂದು ಸಾಲು ಗೊತ್ತಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಅವನು ಬೆಳಗಿನವರೆಗೆ ಕೂರುತ್ತಾನೆ. ಯಾರ ವಿರುದ್ಧ ಬಚ್ಚಿಟ್ಟೆವೋ ಅವರು ಮಲಗಿರುತ್ತಾರೆ, ಯಾರ ಮೇಲೆ ನಮಗೆ ಹಗೆಯೇ ಇಲ್ಲವೋ ಅವನು ಎದ್ದು ಕೂತಿರುತ್ತಾನೆ. ಈ ಕಾರಣಕ್ಕೇ ಇರಬೇಕು, ನಾನು ಕಂಡ ಹಲವರು ಕೊನೆಯ ವಾರದಲ್ಲಿ ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ಅಧಿಕೃತ ಪುಟದಲ್ಲಿ ಕೇಳಿದಷ್ಟನ್ನು ಬರೆದು ಮುಗಿಸಿ, ಬದಲಿಗೆ ಬಂದವನನ್ನು ಪಕ್ಕಕ್ಕೆ ಕರೆದು, ಅವನು ಬೇರೆ ದೇಶದಲ್ಲಿದ್ದರೆ ಸ್ವಂತ ಫೋನಿನಿಂದ ಕರೆ ಮಾಡಿ, ಎಲ್ಲೂ ಬರೆಯದ ನಾಲ್ಕು ಮಾತು ಹೇಳುತ್ತಾರೆ. ತಿಂಗಳ ಕೊನೆಯ ರಾತ್ರಿ ಇದೊಂದನ್ನು ನೋಡಿಕೋ. ಅದು ನಿಂತರೆ ಹೆದರಬೇಡ, ಎರಡು ಸಲ ಹಾಗೇ ಮಾಡುತ್ತದೆ. ಕಂಪನಿಗೆ ಕೊಡದ್ದನ್ನು ಅವರು ಮನುಷ್ಯನಿಗೆ ಕೊಟ್ಟು ಹೋಗುತ್ತಾರೆ.

ಕಚನ ಕತೆ ಅವನು ಗುರುವನ್ನು ಬದುಕಿಸಿದಲ್ಲಿಗೆ ಮುಗಿಯುವುದಿಲ್ಲ. ಮದುವೆಯಾಗಲು ಒಪ್ಪದ ಅವನಿಗೆ ದೇವಯಾನಿ ಶಪಿಸುತ್ತಾಳೆ: ಕಲಿತ ವಿದ್ಯೆ ನಿನಗೆ ಫಲಿಸದಿರಲಿ. ಆಗಲಿ, ನಾನು ಯಾರಿಗೆ ಕಲಿಸುತ್ತೇನೋ ಅವರಿಗೆ ಫಲಿಸುತ್ತದೆ ಎಂದು ಅವನು ಹೊರಟುಹೋಗುತ್ತಾನೆ.

ಕೆಲಸ ಬಿಟ್ಟವರ ಸ್ಲ್ಯಾಕ್ ಖಾತೆಯನ್ನು ಕೊನೆಯ ದಿನ ಸಂಜೆ ನಿಷ್ಕ್ರಿಯಗೊಳಿಸುತ್ತಾರೆ. ಹೆಸರು ಉಳಿದಿರುತ್ತದೆ, ಬರೆದ ಸಂದೇಶಗಳೂ ಉಳಿದಿರುತ್ತವೆ. ಎಷ್ಟೋ ತಿಂಗಳ ಮೇಲೆ ಬೇರೆ ದೇಶದ ಹೊಸಬನೊಬ್ಬ ಹುಡುಕುತ್ತ ಹುಡುಕುತ್ತ ಹಳೆಯ ಸಂದೇಶವೊಂದನ್ನು ಮುಟ್ಟುತ್ತಾನೆ, ತನ್ನ ತೊಂದರೆಗೆ ಅರ್ಧ ಉತ್ತರ ಅಲ್ಲಿರುತ್ತದೆ. ಉಳಿದರ್ಧ ಕೇಳೋಣವೆಂದು ಅದೇ ಎಳೆಯ ಕೆಳಗೆ ಆ ಹೆಸರನ್ನು ಕರೆದು ಒಂದು ಪ್ರಶ್ನೆ ಹಾಕುತ್ತಾನೆ. ಬೆಂಗಳೂರಿನಲ್ಲಿ ಆಗ ನಡುರಾತ್ರಿ. ಬೆಳಿಗ್ಗೆ ತಂಡದ ಇನ್ನೊಬ್ಬರು ನೋಡಿ ಅದರ ಕೆಳಗೆ ಬರೆಯುತ್ತಾರೆ: ಅವರು ಈಗ ಇಲ್ಲ, ನಿಮಗೆ ಏನು ಬೇಕಿತ್ತು?